ಮಣ್ಣಿಗಿಳಿಯುವ ಕತ್ತಿ



ಕೈತೋಟ ಇರುವ ಯಾವ ಮನೆಯಲ್ಲಾದರೂ ಹುಡುಕಿ ನೋಡಿ, ಮುರಿದ ಕುರ್ಪಿಯೊಂದು ಸಿಕ್ಕೇ ಸಿಗುತ್ತದೆ. ಖಾಲಿ ಕುಂಡಗಳ ಹಿಂದೆಯೋ, ಗೊಬ್ಬರದ ಚೀಲದ ಪಕ್ಕದಲ್ಲೋ ಬಿದ್ದಿರುತ್ತದೆ. ಅದನ್ನು ಎತ್ತಿಕೊಂಡು ಎಲ್ಲಿ ಮುರಿದಿದೆ ಎಂದು ಗಮನಿಸಿ. ಅಲಗು ಚೆನ್ನಾಗಿಯೇ ಇದೆ, ಹಿಡಿಯೂ ಚೆನ್ನಾಗಿಯೇ ಇದೆ. ಎರಡೂ ಕೂಡುವ ಕತ್ತಿನಲ್ಲಿ ಮುರಿದಿದೆ. ಇಲ್ಲವೇ ಅಲಗು ಹಿಡಿಯೊಳಗೆ ಗಿರಗಿರ ತಿರುಗುತ್ತಿದೆ. ಅಂಗಡಿಯಲ್ಲಿ ನಾವು ನೋಡುವುದು ಅಲಗಿನ ಹೊಳಪು, ಹಿಡಿಯ ಬಣ್ಣ. ಕತ್ತನ್ನು ತಿರುಗಿಸಿ ನೋಡುವವರು ಕಡಿಮೆ. ತೋಟಕ್ಕೆ ಅಗೆಯುವ ಕತ್ತಿ ಕೊಳ್ಳುವ ಬಗ್ಗೆ ಇವತ್ತು ನಾನು ಹೇಳಬೇಕೆಂದಿರುವ ಮಾತಿನ ಮುಕ್ಕಾಲು ಪಾಲು ಆ ಮುರಿದ ಕತ್ತಿನಲ್ಲೇ ಇದೆ.

ಮೊದಲು ಅಗೆಯುವ ಕತ್ತಿ ಎಂದರೆ ಯಾವುದು, ಅದರ ಅಗತ್ಯ ಏನು ಎನ್ನುವುದನ್ನು ನೋಡೋಣ. ಕುರ್ಪಿ ನಮಗೆಲ್ಲ ಗೊತ್ತು. ಕುಕ್ಕರಗಾಲಿನಲ್ಲಿ ಕೂತು ಮೇಲ್ಮಣ್ಣು ಕೆರೆದು ಎಳೆಯ ಕಳೆಯನ್ನು ಎಬ್ಬಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೆ ಅದು ಅಡ್ಡಡ್ಡಲಾಗಿ ಕೆಲಸ ಮಾಡುವಂಥದ್ದು. ನೇರವಾಗಿ ಆಳಕ್ಕೆ ಇಳಿ ಎಂದರೆ ಸೋಲುತ್ತದೆ. ನರ್ಸರಿಗಳಲ್ಲಿ ಸಿಗುವ ಟ್ರೋವೆಲ್, ಅಂದರೆ ಸಣ್ಣ ಕೈಸನಿಕೆ, ಸಡಿಲ ಮಣ್ಣನ್ನು ಎತ್ತಿ ಕುಂಡಕ್ಕೆ ತುಂಬಲು ಸರಿ. ಕುಡುಗೋಲು ಸೊಪ್ಪು ಕೊಯ್ಯಲು ಸರಿ. ಇವು ಯಾವುವೂ ಮಾಡದೆ ಉಳಿಸುವ ಕೆಲಸಗಳು ಕೆಲವಿವೆ. ಗಡ್ಡೆಯ ಕಳೆಯನ್ನು ಬುಡಸಮೇತ ತೆಗೆಯಬೇಕು. ಪಕ್ಕದ ಗಿಡದ ಬೇರು ಅಲುಗದ ಹಾಗೆ ಒಂದು ಬದನೆ ಸಸಿಯನ್ನು ಮಣ್ಣಿನ ಹೆಂಟೆಯೊಂದಿಗೆ ಎತ್ತಬೇಕು. ಸುಗಂಧರಾಜದ ಹಿಂಡನ್ನು ಬಿಡಿಸಿ ಬೇರೆ ಕಡೆ ಊರಬೇಕು. ಕುಂಡದೊಳಗೆ ಸುತ್ತಿ ಸುತ್ತಿ ಗಂಟಾದ ಬೇರನ್ನು ಸೀಳಬೇಕು. ಇದಕ್ಕೆಲ್ಲ ಬೇಕಾದದ್ದು ಉದ್ದನೆಯ, ಕಿರಿದಾದ, ಮೊನೆಯಿರುವ ಅಲಗು.

ಜಪಾನಿನವರು ಇದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಬೆಟ್ಟಗಳಲ್ಲಿ ಬೆಳೆಯುವ ಕಾಡುಸೊಪ್ಪು, ಗಡ್ಡೆ, ಗಿಡಗಳನ್ನು ಕಿತ್ತು ತರುವುದಕ್ಕೆ, ಬೋನ್ಸಾಯ್ ಕೆಲಸಕ್ಕೆ ಅವರಲ್ಲಿ ಹೊರಿ-ಹೊರಿ ಎನ್ನುವ ಕತ್ತಿ ಇದೆ. ಅಲಗು ಸುಮಾರು 15ರಿಂದ 18 ಸೆಂಟಿಮೀಟರ್, ಹಿಡಿಯೂ ಸೇರಿ 30 ಸೆಂಟಿಮೀಟರಿನ ಆಸುಪಾಸು. ಅಲಗಿಗೆ ಸ್ವಲ್ಪ ಒಳಬಾಗು ಇರುತ್ತದೆ, ಹಾಗಾಗಿ ಅಗೆದ ಮಣ್ಣು ಅದರ ಮೇಲೇ ನಿಲ್ಲುತ್ತದೆ. ಒಂದು ಅಂಚು ಹರಿತ, ಇನ್ನೊಂದು ಅಂಚಿಗೆ ಗರಗಸದ ಹಲ್ಲು. ಕೈಸಲಕರಣೆಗಳಿಗೆ ಹೆಸರಾದ ಸಾಂಜೊ, ಮಿಕಿಯಂಥ ಪಟ್ಟಣಗಳು ಆ ದೇಶದಲ್ಲಿವೆ. ಈಗ ಇದೇ ಮಾದರಿಯ ಕತ್ತಿ ಬೇರೆ ಬೇರೆ ದೇಶಗಳಲ್ಲಿ ತಯಾರಾಗಿ ನಮ್ಮ ಆನ್‌ಲೈನ್ ಅಂಗಡಿಗಳಿಗೂ ಬಂದಿದೆ. ಬೆಲೆ, ಗುಣ ಎರಡರಲ್ಲೂ ಅಜಗಜಾಂತರ. ಚಿತ್ರದಲ್ಲಿ ಮಾತ್ರ ಎಲ್ಲವೂ ಒಂದೇ ಥರ ಕಾಣುತ್ತವೆ.

ಇದರ ಕೆಲಸ ಅರ್ಥವಾಗಬೇಕಾದರೆ ಜೇಕಿನ ಕಳೆಯನ್ನು ತೆಗೆಯುವ ರೀತಿ ನೋಡಬೇಕು. ಕೆಲವರು ಕೊನ್ನಾರಿ ಎನ್ನುತ್ತಾರೆ, ಕೆಲವರು ತುಂಗೆ ಎನ್ನುತ್ತಾರೆ. ಕೈಯಲ್ಲಿ ಎಳೆದರೆ ಎಲೆ ಕಿತ್ತು ಬರುತ್ತದೆ, ಗಡ್ಡೆ ನೆಲದಲ್ಲೇ ಉಳಿಯುತ್ತದೆ. ಒಂದು ಗಡ್ಡೆಯಿಂದ ದಾರದಷ್ಟು ಸಣ್ಣ ಬಳ್ಳಿ ಮಣ್ಣೊಳಗೇ ಹೊರಟು ಇನ್ನೊಂದು ಗಡ್ಡೆ ಕಟ್ಟುತ್ತದೆ, ಅಲ್ಲಿಂದ ಮತ್ತೊಂದು. ಹೀಗೆ ಸರವೇ ಬೆಳೆದಿರುತ್ತದೆ. ಬಹುಪಾಲು ಗಡ್ಡೆಗಳು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಸರವನ್ನು ನಡುವೆ ಹರಿದರೆ ಅಲ್ಲಿಯವರೆಗೆ ಸುಮ್ಮನೆ ಮಲಗಿದ್ದ ಗಡ್ಡೆಗಳೂ ಚಿಗುರಲು ಶುರುಮಾಡುತ್ತವೆ. ಮೋಟು ಸಾಧನದಿಂದ ಜೇಕು ಕಿತ್ತ ಪಾತಿಯಲ್ಲಿ ಎರಡು ವಾರಕ್ಕೆ ಮೊದಲಿಗಿಂತ ಹೆಚ್ಚು ಜೇಕು ಕಾಣಿಸುವುದು ಇದೇ ಕಾರಣಕ್ಕೆ.

ಮಣ್ಣು ಹದವಾಗಿ ತೇವವಿದ್ದಾಗ, ಗಿಡದ ಬುಡದಿಂದ ನಾಲ್ಕು ಬೆರಳು ಆಚೆ ಕತ್ತಿಯನ್ನು ನೆಟ್ಟಗೆ ಊರಿ, ಹಿಡಿಯ ಹತ್ತಿರದವರೆಗೆ ಒತ್ತಿ ಇಳಿಸಿ. ಹಿಡಿಯನ್ನು ನಿಮ್ಮ ಕಡೆಗೆ ಮೆಲ್ಲಗೆ ಬಾಗಿಸಿ. ಒಳಗೆ ಮಣ್ಣು ಬಿರಿದದ್ದು ಕೈಗೇ ಗೊತ್ತಾಗುತ್ತದೆ. ಇನ್ನೊಂದು ಕೈಯಲ್ಲಿ ದಂಟಿನ ಬುಡವನ್ನು ಹಿಡಿದು, ಎಳೆಯದೆ, ಕತ್ತಿಯ ಜೊತೆಜೊತೆಗೇ ಮೇಲೆತ್ತಿ. ಕಂದುಗಪ್ಪು ಗಡ್ಡೆ ಬರುತ್ತದೆ, ಅದರ ಹಿಂದೆ ಬಳ್ಳಿ ಬರುತ್ತದೆ, ಬಳ್ಳಿಯ ತುದಿಯಲ್ಲಿ ಎರಡನೆಯ ಗಡ್ಡೆ ತೂಗುತ್ತಿರುತ್ತದೆ. ಉಗುರಿನಿಂದ ಗೀರಿದರೆ ಒಳ್ಳೆಯ ಪರಿಮಳ. ಬಳ್ಳಿ ಹರಿಯದೆ ಬಂತೆಂದರೆ ನಿಮ್ಮ ಕತ್ತಿಯ ಉದ್ದ ಸರಿಯಿದೆ ಎಂದರ್ಥ. ಅಲಗು 15 ಸೆಂಟಿಮೀಟರಿಗೆ ಕಡಿಮೆ ಇರುವುದು ಬೇಡ ಎಂದು ನಾನು ಒತ್ತಿ ಹೇಳುವುದು ಇದನ್ನು ನೋಡಿಯೇ.

ಹಿಡಿಯನ್ನು ನಿಮ್ಮ ಕಡೆಗೆ ಬಾಗಿಸುವ ಆ ಗಳಿಗೆ ಇದೆಯಲ್ಲ, ಕತ್ತಿಯ ಯೋಗ್ಯತೆ ತಿಳಿಯುವುದು ಆಗಲೇ. ಆಗ ಕತ್ತಿ ಸಣ್ಣದೊಂದು ಸನ್ನೆಗೋಲಾಗುತ್ತದೆ. ಕೆಳಗೆ ಮಣ್ಣಿನ ಭಾರ, ಮೇಲೆ ಕೈಯ ಬಲ, ಎರಡೂ ಬಂದು ಬೀಳುವುದು ಕತ್ತಿನ ಮೇಲೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಅಲಗಿನ ಉಕ್ಕು ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಎನ್ನುವುದನ್ನು. ಉತ್ತಮ ಕತ್ತಿಯಲ್ಲಿ ಅಲಗೂ ಹಿಡಿಯೊಳಗಿನ ಉಕ್ಕೂ ಒಂದೇ ತುಂಡು. ಅದು ಹಿಡಿಯ ಕೊನೆಯವರೆಗೂ ಪೂರ್ತಿ ಅಗಲಕ್ಕೆ ಹೋಗಿರುತ್ತದೆ, ಎರಡು ಪಕ್ಕಕ್ಕೂ ಮರದ ತುಂಡು ಇಟ್ಟು ಆರಪಾರ ರಿವೆಟ್ ಹೊಡೆದಿರುತ್ತಾರೆ. ಹಿಡಿಯನ್ನು ಪಕ್ಕಕ್ಕೆ ತಿರುಗಿಸಿ ನೋಡಿದರೆ ಎರಡು ಮರದ ನಡುವೆ ಉಕ್ಕಿನ ಗೆರೆ ತುದಿಯಿಂದ ತುದಿಯವರೆಗೆ ಕಾಣಬೇಕು. ಕಂಡರೆ ಅರ್ಧ ಪರೀಕ್ಷೆ ಮುಗಿದಂತೆ.

ಎರಡನೆಯ ದರ್ಜೆಯಲ್ಲಿ, ಅಲಗಿನ ಹಿಂದೆ ಕಿರಿದಾದ ಬಾಲ ಇರುತ್ತದೆ. ಅದು ಹಿಡಿಯ ಮಧ್ಯದಲ್ಲಿ ಹಾದು ಹಿಂದಿನ ತುದಿಯಲ್ಲಿ ಬಡಿದು ಮಡಚಿರುತ್ತದೆ, ಮುಂದುಗಡೆ ಕಬ್ಬಿಣದ ಬಳೆ ಹಾಕಿರುತ್ತಾರೆ. ಹಿಂದಿನ ತುದಿಯಲ್ಲಿ ಉಕ್ಕು ಕಾಣಿಸಿದರೆ ಇದೂ ತಕ್ಕಮಟ್ಟಿಗೆ ಬಾಳುತ್ತದೆ. ಮೂರನೆಯದು ಎರಡು ಬೆರಳುದ್ದದ ಬಾಲವನ್ನು ಪ್ಲಾಸ್ಟಿಕ್ ಹಿಡಿಗೆ ತುರುಕಿ ಅಂಟು ಹಾಕಿದ್ದು. ಅಲಗಿನ ಬುಡಕ್ಕೆ ಸರಳು ಇಟ್ಟು ಎರಡು ಚುಕ್ಕೆ ವೆಲ್ಡಿಂಗ್ ಮಾಡಿದ್ದೂ ಇದೇ ಜಾತಿ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಮಣ್ಣಿನೊಳಗೆ ತಟ್ಟನೆ ಮುರಿದಾಗ ಕೈ ಮುಂದಕ್ಕೆ ಜಾರಿ ಬೀಳುವುದು ಅಲಗಿನ ಮೇಲೇ.

ಇನ್ನು ಉಕ್ಕಿನ ವಿಷಯ. ಅಂಗಡಿಯವರು ಆಯಸ್ಕಾಂತ ಹಿಡಿದು, “ನೋಡಿ ಸರ್, ಅಂಟ್ತಾ ಇಲ್ಲ, ಪ್ಯೂರ್ ಸ್ಟೀಲು” ಎನ್ನುವುದನ್ನು ನೀವೂ ಕೇಳಿರುತ್ತೀರಿ. ಪಾತ್ರೆ ಕೊಳ್ಳುವಾಗ ಆ ಮಾತಿಗೆ ಬೆಲೆ ಇದೆ. ಕತ್ತಿ ಕೊಳ್ಳುವಾಗ ಲೆಕ್ಕ ತಿರುವುಮುರುವು. ಆಯಸ್ಕಾಂತಕ್ಕೆ ಅಂಟದ 304ನೇ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಲು ಬರುವುದಿಲ್ಲ. ಅದು ಪಾತ್ರೆಗೆ, ಚಮಚಕ್ಕೆ ಹೇಳಿಮಾಡಿಸಿದ ಉಕ್ಕು. ಅದರಲ್ಲಿ ಅಗೆಯುವ ಕತ್ತಿ ಮಾಡಿದರೆ ಕಲ್ಲಿಗೆ ತಾಗಿದ ಕಡೆ ಬಾಗುತ್ತದೆ, ಅಂಚು ನಿಲ್ಲುವುದಿಲ್ಲ. ಕತ್ತಿಗೆ ಬೇಕಾದದ್ದು 420ನೇ ದರ್ಜೆಯಂಥ ಸ್ಟೇನ್‌ಲೆಸ್. ಇದರಲ್ಲಿ 12ರಿಂದ 14 ಭಾಗ ಕ್ರೋಮಿಯಂ, ಜೊತೆಗೆ ಹದ ಹಿಡಿಯುವಷ್ಟು ಇಂಗಾಲ. ಇದಕ್ಕೆ ಆಯಸ್ಕಾಂತ ಅಂಟುತ್ತದೆ. ಆದ್ದರಿಂದ ಸ್ಟೇನ್‌ಲೆಸ್ ಕತ್ತಿಗೆ ಆಯಸ್ಕಾಂತ ಅಂಟಿದರೆ ಬೇಸರ ಮಾಡಿಕೊಳ್ಳಬೇಡಿ, ಅಂಟದಿದ್ದರೆ ಅನುಮಾನಪಡಿ.

ಸ್ಟೇನ್‌ಲೆಸ್ ಒಳ್ಳೆಯದೋ, ತುಕ್ಕು ಹಿಡಿಯುವ ಮಾಮೂಲಿ ಕಾರ್ಬನ್ ಉಕ್ಕು ಒಳ್ಳೆಯದೋ ಎಂದು ಕೇಳಿದರೆ, ನಿಮ್ಮ ಊರು ಯಾವುದು ಎಂದು ನಾನು ತಿರುಗಿ ಕೇಳುತ್ತೇನೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ, ಆಗುಂಬೆ ಕಡೆಯ ಬಿಡದ ಮಳೆಯಲ್ಲಿ ಸ್ಟೇನ್‌ಲೆಸ್ ಇದ್ದರೆ ನೆಮ್ಮದಿ. ಬಯಲುಸೀಮೆಯಲ್ಲಿ ಕಾರ್ಬನ್ ಉಕ್ಕೇ ನನಗೆ ಇಷ್ಟ. ಅಷ್ಟೇ ದುಡ್ಡಿಗೆ ಹೆಚ್ಚು ಬಿಗಿಯಾದ ಕತ್ತಿ ಸಿಗುತ್ತದೆ, ಮನೆಯಲ್ಲೇ ಸುಲಭವಾಗಿ ಮಸೆದುಕೊಳ್ಳಬಹುದು.

ಊರಿನ ಜೊತೆಗೆ ಮಣ್ಣನ್ನೂ ನೋಡಬೇಕು. ಬೆಂಗಳೂರು, ಕೋಲಾರದ ಕೆಮ್ಮಣ್ಣಿನಲ್ಲಿ ಗರಸು ಹೆಚ್ಚು. ಅಲ್ಲಿ ಮೊನೆ ತೀರ ಚೂಪಾಗಿದ್ದರೆ ಬಹಳ ದಿನ ಉಳಿಯುವುದಿಲ್ಲ. 3 ಮಿಲಿಮೀಟರ್ ದಪ್ಪದ ಅಲಗು, ಸ್ವಲ್ಪ ದುಂಡಗಿನ ಮೊನೆ ಇರಲಿ. ಕರಾವಳಿಯ ಜಂಬಿಟ್ಟಿಗೆ ಮಣ್ಣಿಗೂ ಇದೇ ಮಾತು. ಧಾರವಾಡ, ಗದಗ, ವಿಜಯಪುರದ ಎರೆಮಣ್ಣು ಬೇರೆ ಸ್ವಭಾವದ್ದು. ಹಸಿಯಿದ್ದಾಗ ಅಲಗಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ, ಒಣಗಿದರೆ ಯಾವ ಕತ್ತಿಯೂ ಇಳಿಯುವುದಿಲ್ಲ. ಅಲ್ಲಿ ಅಲಗು ಕಿರಿದಾಗಿರಬೇಕು, ನುಣುಪಾಗಿರಬೇಕು, ಒಳಬಾಗು ಕಡಿಮೆ ಇರಬೇಕು. ಹಿಂದಿನ ದಿನವೇ ನೀರು ಬಿಟ್ಟು ಮಣ್ಣು ಪುಡಿಯಾಗುವ ಹದ ನೋಡಿ ಅಗೆಯಬೇಕು. ತಾರಸಿ ತೋಟದವರ ತೆಂಗಿನನಾರಿನ ಹುಡಿ, ಎರೆಗೊಬ್ಬರದ ಮಿಶ್ರಣಕ್ಕೆ ಇಷ್ಟೆಲ್ಲ ಬಿಗಿ ಬೇಡ. ಹಗುರವಾದ ತೆಳು ಕತ್ತಿ ಸಾಕು. ಅವರಿಗೆ ಅಲಗಿನ ಮೇಲೆ ಸೆಂಟಿಮೀಟರ್ ಗುರುತು ಕೊರೆದಿದ್ದರೆ ಅನುಕೂಲ, ಗಡ್ಡೆ ಊರುವಾಗ ಆಳ ತಪ್ಪುವುದಿಲ್ಲ. ಗುರುತು ಬರೀ ಬಣ್ಣದಲ್ಲಿ ಬರೆದದ್ದಾಗಿದ್ದರೆ ಕೆಲವೇ ದಿನಗಳಲ್ಲಿ ಮಣ್ಣು ಅದನ್ನು ಉಜ್ಜಿಹಾಕುತ್ತದೆ.

ಅಂಗಡಿಯ ಕತ್ತಿ ಒಪ್ಪಿಗೆಯಾಗದಿದ್ದರೆ ಇನ್ನೊಂದು ದಾರಿ ಇದೆ. ನನ್ನ ಮನಸ್ಸಿಗೆ ಅದೇ ಹೆಚ್ಚು ಹತ್ತಿರ. ನಿಮ್ಮ ಹತ್ತಿರದ ಕುಲುಮೆಗೆ ಹೋಗಿ.

ಈ ನಾಡಿನಲ್ಲಿ ಉಕ್ಕು ಮಾಡುವ ವಿದ್ಯೆ ಇವತ್ತಿನದಲ್ಲ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬರೆದ, 1807ರಲ್ಲಿ ಪ್ರಕಟವಾದ ಪ್ರವಾಸ ಗ್ರಂಥದಲ್ಲಿ ಇಲ್ಲಿಯ ಜನ ಉಕ್ಕು ತಯಾರಿಸುತ್ತಿದ್ದ ಕ್ರಮ ವಿವರವಾಗಿ ಬಂದಿದೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿಯ ಕಡ್ಡಿ, ಹಸಿರೆಲೆ ಇಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಬೇಲಿ ಸಾಲಿನಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ. ಆ ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಕಬ್ಬಿಣ ಉಕ್ಕಾಗುತ್ತಿತ್ತು. ಇವತ್ತಿನ ಕಮ್ಮಾರರು ಮೂಸೆ ಇಡುವುದಿಲ್ಲ, ಅವರಿಗೆ ಸಿದ್ಧ ಉಕ್ಕು ಸಿಗುತ್ತದೆ. ಯಾವ ಉಕ್ಕು ಎನ್ನುವುದನ್ನು ಮಾತ್ರ ನಾವು ಕೇಳಿ ತಿಳಿಯಬೇಕು. ಮನೆ ಕಟ್ಟುವ ಕಂಬಿಯಲ್ಲಿ ಇಂಗಾಲ ಕಡಿಮೆ, ಅದನ್ನು ತಟ್ಟಿ ಮಾಡಿದ ಕತ್ತಿ ಹದ ಹಿಡಿಯುವುದಿಲ್ಲ. ಹಳೆಯ ಲಾರಿಯ ಕಮಾನುಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್, ಒಳ್ಳೆಯ ಕಚ್ಚಾ ಮಾಲು. ಬಾಗಿ ಮತ್ತೆ ನೆಟ್ಟಗಾಗುವುದಕ್ಕೆಂದೇ ಮಾಡಿದ ಉಕ್ಕು ಅದು, ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲ ಇರುತ್ತದೆ. “ಅಣ್ಣಾ, ಕಮಾನುಪಟ್ಟೀಲೇ ಮಾಡಿಕೊಡಿ” ಎಂದು ಕೇಳಿದರೆ ಅವರಿಗೂ ಗೊತ್ತಾಗುತ್ತದೆ, ಬಂದವರು ತಿಳಿದವರು ಎಂದು.

ಸಾಧ್ಯವಾದರೆ ಹದ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿ. ತಟ್ಟಿ ಆಕಾರಕ್ಕೆ ತಂದ ಅಲಗನ್ನು ಇದ್ದಿಲಿನ ನಡುವೆ ಕೆಂಪಗೆ ಕಾಯಿಸುತ್ತಾರೆ. ಆ ಕೆಂಪು ಎಷ್ಟಿರಬೇಕು ಎನ್ನುವುದೇ ಗುಟ್ಟು. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿಗೆ ಏರಿದಾಗ ಆಯಸ್ಕಾಂತ ಅದನ್ನು ಹಿಡಿಯುವುದನ್ನು ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಹೆಚ್ಚು ಕಾದ ಮೇಲೆ ಎಣ್ಣೆಗೆ ಅದ್ದಬೇಕು. ಆಯಸ್ಕಾಂತ ಇಲ್ಲದೆಯೂ ಅನುಭವಸ್ಥರ ಕಣ್ಣು ಆ ಬಣ್ಣವನ್ನು ಗುರುತಿಸುತ್ತದೆ. ನೆರಳಿನಲ್ಲಿ ಕುಲುಮೆ ಇಟ್ಟಿರುವುದು ಆ ಬಣ್ಣ ಸರಿಯಾಗಿ ಕಾಣಲೆಂದೇ. ಹೀಗೆ ಅದ್ದಿದ ಅಲಗು ಗಾಜಿನಷ್ಟು ಗಡುಸು, ಹಾಗೇ ಕೊಟ್ಟರೆ ಮೊದಲ ಕಲ್ಲಿಗೇ ಚಕ್ಕೆ ಏಳುತ್ತದೆ. ಅದರ ಮೈಯನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಸಣ್ಣ ಶಾಖಕ್ಕೆ ಹಿಡಿಯುತ್ತಾರೆ. ಬಿಳಿ ಮೈಯ ಮೇಲೆ ಒಣಹುಲ್ಲಿನ ಬಣ್ಣ ಹರಿದುಬರುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ಆಮೇಲೆ ನೀಲಿ. ಅಡುಗೆಮನೆಯ ಚಾಕುವಿಗೆ ಹುಲ್ಲಿನ ಬಣ್ಣದಲ್ಲೇ ನಿಲ್ಲಿಸಬೇಕು. ಮಣ್ಣಿಗಿಳಿಯುವ ಕತ್ತಿಗೆ ನೇರಳೆ ಬಣ್ಣ ನೀಲಿಗೆ ತಿರುಗುವವರೆಗೆ, ಅಂದರೆ 280ರಿಂದ 300 ಡಿಗ್ರಿಯವರೆಗೆ ಕಾಯಬೇಕು. ಹರಿತ ಒಂದಿಷ್ಟು ಕಡಿಮೆಯಾದರೂ ಮುರಿಯದ ಗುಣ ಬರುತ್ತದೆ. ಇದನ್ನು ಕೇಳಿ ಮಾಡಿಸಿಕೊಳ್ಳುವ ಅವಕಾಶ ಕುಲುಮೆಯಲ್ಲಿ ಮಾತ್ರ ಇದೆ. ಪೆಟ್ಟಿಗೆಯಲ್ಲಿ ಬರುವ ಕತ್ತಿಗೆ ಯಾರು ಎಷ್ಟು ಹದ ಹಾಕಿದ್ದಾರೆಂದು ನಾವು ಊಹಿಸಬೇಕಷ್ಟೆ.

ಊಹಿಸುವುದಕ್ಕೂ ಒಂದೆರಡು ಉಪಾಯ ಇವೆ. ಮೊನೆಯನ್ನು ಮರದ ಹಲಗೆಗೆ ಊರಿ ಹಿತವಾಗಿ ಬಾಗಿಸಿ ಬಿಡಿ. ಬಾಗಿದ್ದು ನೆಟ್ಟಗಾಗಬೇಕು, ಬಾಗಿಯೇ ಉಳಿದರೆ ಉಕ್ಕು ಮೆದು. ಮನೆಗೆ ತಂದ ಮೇಲೆ ಅಂಚಿನ ಮೇಲೆ ಸಣ್ಣ ಅರ ಆಡಿಸಿ ನೋಡಿ. ಅರ ಕಷ್ಟಪಟ್ಟು ಕಚ್ಚಿದರೆ ಹದ ಸರಿಯಿದೆ. ಬೆಣ್ಣೆಯ ಹಾಗೆ ಇಳಿದರೆ ಮೆದು, ಕಚ್ಚದೆ ಜಾರಿಕೊಂಡು ಹೋದರೆ ಗಡುಸು ಹೆಚ್ಚಾಗಿದೆ.

ಹಿಡಿಯ ಬಗ್ಗೆ ಹೆಣ್ಣುಮಕ್ಕಳಿಗೆ ಒಂದು ಮಾತು. ಅಂಗಡಿಯಲ್ಲಿರುವ ಹಿಡಿಗಳು ಹೆಚ್ಚಾಗಿ ದೊಡ್ಡ ಅಂಗೈಗೆ ಅಳೆದು ಮಾಡಿದವು. ನಮ್ಮ ಕೈತೋಟಗಳಲ್ಲಿ ದಿನಾ ಮಣ್ಣು ಮುಟ್ಟುವವರು ಬಹಳಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳೇ. ಮುಷ್ಟಿ ಹಿಡಿದಾಗ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಹಿಡಿ ದಪ್ಪವಾಯಿತು, ಒಂದು ಗಂಟೆ ಕೆಲಸ ಮಾಡಿದರೆ ಮಣಿಕಟ್ಟು ನೋಯುತ್ತದೆ. ಪೂರ್ತಿ ದುಂಡಗಿನ ಹಿಡಿ ಬೇಡ, ಕೈಯಲ್ಲಿ ತಿರುಗಿಬಿಡುತ್ತದೆ; ಮೊಟ್ಟೆಯಾಕಾರ ಇರಲಿ. ಮುಂಭಾಗದಲ್ಲಿ ಬೆರಳು ಅಲಗಿನ ಕಡೆ ಜಾರದಂತೆ ತಡೆಯುವ ಉಬ್ಬು ಇರಲೇಬೇಕು. ಮರ ಜಾಲಿಯದಾದರೆ ಉತ್ತಮ. ನಮ್ಮ ರೈತರು ಸಲಕರಣೆಗಳ ಕಾವಿಗೆ ಜಾಲಿಯನ್ನು ಆರಿಸಿಕೊಂಡಿದ್ದು ಅದರ ಬಿಗಿಯನ್ನು ನೋಡಿ. ಕಮ್ಮಾರರಿಗೆ ನಿಮ್ಮ ಅಂಗೈ ತೋರಿಸಿ ಹೇಳಿದರೆ ಅಳತೆಗೆ ತಕ್ಕಂತೆ ಕೆತ್ತಿಕೊಡುತ್ತಾರೆ.

ಗರಗಸದ ಹಲ್ಲು ಬೇಕೇ? ಬೇರು ಕೊಯ್ಯುವ ಕೆಲಸ ಇದ್ದರೆ ಬೇಕು, ಆದರೆ ಹಲ್ಲು ದೊಡ್ಡದಾಗಿ, ಆಳವಾಗಿ ಇರಬೇಕು. ಸಣ್ಣ ಹಲ್ಲುಗಳ ಸಂದಿಯಲ್ಲಿ ಮಣ್ಣು ಕೂತು ಅವು ಎರಡೇ ದಿನಕ್ಕೆ ನಿರುಪಯೋಗಿಯಾಗುತ್ತವೆ. ಇನ್ನೊಂದು ಅಂಚನ್ನು ಚಾಕುವಿನಷ್ಟು ತೆಳ್ಳಗೆ ಮಸೆಯಬೇಡಿ. 25ರಿಂದ 30 ಡಿಗ್ರಿ ಓರೆ ಸಾಕು.

ಕೊಂಡದ್ದನ್ನು ಕಾಪಾಡುವುದು ದೊಡ್ಡ ಕೆಲಸವೇನಲ್ಲ. ತೊಳೆದು, ಬಟ್ಟೆಯಿಂದ ಒರೆಸಿ, ಅಲಗಿಗೆ ಒಂದು ಪಸೆ ಎಣ್ಣೆ ಸವರಿ. ಪೊಟ್ಯಾಷ್ ಗೊಬ್ಬರ ಕಲಸಲು ಕತ್ತಿ ಬಳಸಿದ್ದರೆ ತಪ್ಪದೆ ಆಗಲೇ ತೊಳೆಯಿರಿ, ಅದರ ಕ್ಲೋರೈಡು ಸ್ಟೇನ್‌ಲೆಸ್ಸನ್ನೂ ಗುಳಿ ಬೀಳುವಂತೆ ತಿನ್ನುತ್ತದೆ. ಆಯುಧಪೂಜೆಯ ದಿನ ಹಚ್ಚಿದ ಒದ್ದೆ ಅರಿಶಿನ ಕುಂಕುಮವನ್ನು ಮರುದಿನ ಒರೆಸದೆ ಬಿಟ್ಟರೆ ಅದರಡಿಯಲ್ಲೇ ತುಕ್ಕು ಶುರುವಾಗುತ್ತದೆ. ಪೂಜೆ ಮುಗಿದ ಮೇಲೆ ಎಣ್ಣೆ ಬಟ್ಟೆ ಆಡಿಸಿ. ಮರದ ಹಿಡಿಗೆ ಅಗಸೆ ಎಣ್ಣೆ ಒಳ್ಳೆಯದು, ಒಣಗಿ ಪದರ ಕಟ್ಟುತ್ತದೆ. ಆದರೆ ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿ.

ಟೊಮೆಟೊ, ಬದನೆ, ಶುಂಠಿಗೆ ಸೊರಗು ರೋಗ ಬಂದ ಪಾತಿಯಲ್ಲಿ ಅಗೆದ ಕತ್ತಿಯನ್ನು ಹಾಗೇ ಪಕ್ಕದ ಪಾತಿಗೆ ಒಯ್ಯಬೇಡಿ. ಮಣ್ಣು ತೊಳೆದು, ಒರೆಸಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಅಲಗನ್ನೂ ಹಲ್ಲುಗಳ ಸಂದಿಯನ್ನೂ ಉಜ್ಜಿ, ಆರಿದ ಮೇಲೆ ಬಳಸಿ. ಮಣ್ಣಿನ ಕತ್ತಿ ಕೈಗೆ ತಾಗಿ ಗಾಯವಾದರೆ ಸೋಪು ನೀರಿನಲ್ಲಿ ತೊಳೆದು, ಧನುರ್ವಾಯು ಚುಚ್ಚುಮದ್ದು ಯಾವಾಗ ತೆಗೆದುಕೊಂಡಿದ್ದೀರಿ ಎಂದು ನೆನಪಿಸಿಕೊಂಡು ವೈದ್ಯರನ್ನು ಕಾಣಿ. ಮಕ್ಕಳಿರುವ ಮನೆಯಲ್ಲಿ ಒರೆ ಇಲ್ಲದ ಕತ್ತಿ ಬೇಡವೇ ಬೇಡ. ಹಿಡಿಗೆ ಕೆಂಪು ಬಣ್ಣ ಬಳಿಯಿರಿ, ಇಲ್ಲವೇ ಕೆಂಪು ದಾರ ಸುತ್ತಿಡಿ. ಮರದ ಬಣ್ಣದ ಹಿಡಿ ಒಣಎಲೆಗಳ ನಡುವೆ ಬಿದ್ದರೆ ಬರಿಗಾಲಿಗೆ ಚುಚ್ಚಿದಾಗಲೇ ಸಿಗುವುದು.

ಬೆಂಗಳೂರಿನಲ್ಲಿರುವವರು ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಅಲ್ಲಿಯ ಮಳಿಗೆಗಳಲ್ಲಿ ತೋಟದ ಸಲಕರಣೆಗಳನ್ನು ಕೈಯಲ್ಲಿ ಹಿಡಿದು ನೋಡಬಹುದು. ವಿದೇಶದಲ್ಲಿರುವ ಮಕ್ಕಳ ಕೈಲಿ ತರಿಸುವುದಾದರೆ ಕತ್ತಿಯನ್ನು ಒರೆಯಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಲು ಹೇಳಿ, ಕೈಚೀಲದಲ್ಲಿ ಬಿಡುವುದಿಲ್ಲ. ಕಮ್ಮಾರರ ಹತ್ತಿರ ಮಾಡಿಸುವ ಮನಸ್ಸಿದ್ದರೆ ಏಪ್ರಿಲ್ ತಿಂಗಳಲ್ಲೇ ಹೋಗಿ ಬನ್ನಿ. ಮುಂಗಾರು ಹತ್ತಿರವಾದಂತೆ ಕುಳ, ಗುದ್ದಲಿ, ಕುಡುಗೋಲು ಹಣಿಸಲು ರೈತರು ಸಾಲುಗಟ್ಟುತ್ತಾರೆ. ಆಗ ಒಂದು ಕತ್ತಿಗೆಂದು ಕೂತು ಬಣ್ಣ ನೋಡಿ ಹದ ಹಾಕುವ ಬಿಡುವು ಅವರಿಗೆ ಇರುವುದಿಲ್ಲ.